ಗೌಡಗೆರೆ ಕಡೆಯೋರು ಏನು ಹುಡುಕುತ್ತಾರೆ?

ನಾನು ಏನು ಕೆಲಸ ಮಾಡುತ್ತೇನೆ ಎಂದು ಮಧುಗಿರಿಯಲ್ಲಿ ಯಾರಿಗೂ ಹೇಳಿ ಗೆದ್ದಿಲ್ಲ. "ಮನೇಲೇ ಕೂತ್ಕಂಡು ಏನೋ ಕುಟ್ತಿರ್ತಾಳೆ" ಎಂದು ನಮ್ಮತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಬಂದವರು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿ ಕಾಫಿ ಕುಡಿದು ಹೋಗುತ್ತಾರೆ. ನಾನು ತುಮಕೂರಿನ ಒಂದು ವೆಬ್‌ಸೈಟಿಗೆ ಕನ್ನಡದಲ್ಲಿ ಲೇಖನ ಬರೆಯುತ್ತೇನೆ. ಬರೆಯುವುದು ಅದರಲ್ಲಿ ಸಣ್ಣ ಕೆಲಸ. ಜನ ಫೋನಿನಲ್ಲಿ ಯಾವ ಮಾತು ಹಾಕಿ ಹುಡುಕುತ್ತಾರೆ ಎಂದು ಮೊದಲೇ ಪತ್ತೆ ಮಾಡುವುದು ದೊಡ್ಡ ಕೆಲಸ. ಆ ಮಾತಿಗೆ ಕೀವರ್ಡ್ ಅನ್ನುತ್ತಾರೆ. ಸರಿಯಾದ ಕೀವರ್ಡ್ ಹಿಡಿದರೆ ಲೇಖನ ಮೊದಲ ಪುಟದಲ್ಲಿ ಬಂದು ಕೂರುತ್ತದೆ. ಹಿಡಿಯದಿದ್ದರೆ ಬರೆದವಳೂ ನಾನೇ, ಓದುವವಳೂ ನಾನೇ.

ಈ ವಿದ್ಯೆಯ ಮೇಲೆ ನಂಬಿಕೆ ಇಟ್ಟ ಏಕೈಕ ವ್ಯಕ್ತಿ ನಮ್ಮ ಚಿಕ್ಕಮ್ಮ, ಅಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಎ.ಸಿ. ಆಫೀಸಿನ, ಅಂದರೆ ಅಸಿಸ್ಟೆಂಟ್ ಕಮಿಷನರ್ ಸಾಹೇಬರ ಕಚೇರಿಯ, ಹಿಂದಿನ ಗಲ್ಲಿಯಲ್ಲಿ ಅವಳದೊಂದು ಮುದ್ದೆ ಹೋಟೆಲ್ ಇದೆ. ಚಿಕ್ಕಪ್ಪ ಒಳಗೆ ಮುದ್ದೆ ತಿರುವುತ್ತಾನೆ, ಚಿಕ್ಕಮ್ಮ ಹೊರಗೆ ಬಡಿಸುತ್ತಾಳೆ, ಮಾತೆಲ್ಲ ಅವಳದೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿನ ಜಮೀನು ತಕರಾರು ಆ ಆಫೀಸಿಗೇ ಬರುತ್ತದೆ. ಹಾಗಾಗಿ ಬೆಳಿಗ್ಗೆ ಬದುವಿಗೆ ಕಿತ್ತಾಡಿದವರು ಮಧ್ಯಾಹ್ನ ಅವಳ ಬೆಂಚಿನ ಮೇಲೆ ಪಕ್ಕಪಕ್ಕ ಕೂತು ಹುರುಳಿಕಾಳು ಸಾರು ಉಣ್ಣುತ್ತಿದ್ದರು.

ತಟ್ಟೆ ಇಡುವ ಮುಂಚೆ ಚಿಕ್ಕಮ್ಮ ಪ್ರತಿಯೊಬ್ಬರನ್ನೂ ಕೇಳುತ್ತಾಳೆ, "ಯಾವ ಕಡೆಯೋರು?" ಶಿರಾ ತಾಲ್ಲೂಕು ಗೌಡಗೆರೆ ಕಡೆಯೋರು ಅಂದರೆ ಅವರ ಹತ್ತಿರ ದುಡ್ಡು ತೆಗೆದುಕೊಳ್ಳುವುದಿಲ್ಲ. ಗೌಡಗೆರೆ ಅವಳ ತವರು. ತವರಿನವರಿಗೆ ಅನ್ನ ಹಾಕಿ ಕಾಸು ಎಣಿಸುವುದು ಉಂಟೆ ಎನ್ನುತ್ತಾಳೆ. ಆದರೆ ಅದು ಪೂರ್ತಿ ಬಿಟ್ಟಿ ಊಟವೂ ಅಲ್ಲ. ಸಾರು ಬಿಡುವಾಗ ಕೇಳುತ್ತಾಳೆ, "ನಮ್ಮ ತಮ್ಮ ಹೆಂಗವ್ನೆ? ಹುಣಸೆಮರದ ಮನೆಯೋನು?" ಅದಕ್ಕೆ ಉತ್ತರ ಹೇಳಿದರೆ ಊಟದ ಲೆಕ್ಕ ಚುಕ್ತಾ.

ತಮ್ಮನಿಗೂ ಅವಳಿಗೂ ಮಾತಿಲ್ಲ. ಒಂದು ಗೌರಿ ಹಬ್ಬಕ್ಕೆ ಅವನು ಬಾಗಿನ ತರಬೇಕಿತ್ತು. ಕಡ್ಲೇಕಾಯಿ ಹೊಲಕ್ಕೆ ಔಷಧಿ ಹೊಡೆಯುವುದಿತ್ತೆಂದು ಮೊರದ ಬಾಗಿನವನ್ನು ಬಟ್ಟೆಯಲ್ಲಿ ಕಟ್ಟಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದ. ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟು, ಪಾಯಸ ಮಾಡಿಟ್ಟು, ಬಾಗಿಲಲ್ಲಿ ನಿಂತು ತಮ್ಮನ ದಾರಿ ನೋಡುತ್ತಿದ್ದಳು. ಕಂಡಕ್ಟರ್ ಬಂದು ಗಂಟು ಕೆಳಗಿಟ್ಟು, "ಅಮ್ಮ, ಲಗೇಜ್ ಚಾರ್ಜು ನೀವೇ ಕೊಡ್ತೀರಿ ಅಂದ್ರು" ಎಂದ. ಚಿಕ್ಕಮ್ಮ ಲಗೇಜ್ ಚಾರ್ಜು ಕೊಟ್ಟಳು. ಅದೇ ಗಂಟಿಗೆ ವಾಪಸ್ ಹೋಗುವ ಚಾರ್ಜೂ ಕೊಟ್ಟು ಅದೇ ಬಸ್ಸಿಗೆ ಹತ್ತಿಸಿದಳು. ಅಲ್ಲಿಂದ ಈಚೆಗೆ ಅವನು ಬಂದಿಲ್ಲ, ಇವಳು ಹೋಗಿಲ್ಲ. ಇಬ್ಬರ ಹತ್ತಿರವೂ ಫೋನಿದೆ. "ಒಂದು ಫೋನ್ ಮಾಡಿಬಿಡು ಚಿಕ್ಕಮ್ಮ" ಎಂದು ನಾನೊಮ್ಮೆ ಹೇಳಿ, "ಅವನ ಕೈಗೇನು ಲಕ್ವಾ ಹೊಡ್ದೈತಾ?" ಎಂದು ಬೈಸಿಕೊಂಡೆ. ಹಬ್ಬ ಹತ್ತಿರ ಬಂದಾಗೆಲ್ಲ ಸಾರಿಗೆ ಉಪ್ಪು ಜಾಸ್ತಿ ಆಗುತ್ತಿತ್ತು. ಚಿಕ್ಕಪ್ಪ ತುಟಿ ಪಿಟಕ್ಕೆನ್ನದೆ ಉಣ್ಣುತ್ತಿದ್ದ.

ಹೀಗಿರುವಾಗ ಆಫೀಸಿನ ಎದುರಿಗೇ ಒಂದು ದರ್ಶಿನಿ ಶುರುವಾಯಿತು. ಗಲ್ಲಿಯೊಳಕ್ಕೆ ಬರುವವರು ಕಡಿಮೆಯಾದರು. ಚಿಕ್ಕಮ್ಮ ವ್ಯಾಪಾರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಂದು ದಿನ ನನ್ನನ್ನು ಕರೆಸಿ ನೇರವಾಗಿ ವಿಷಯಕ್ಕೆ ಬಂದಳು.

"ಲೇ, ನೀನು ಜನ ಬರೋ ಹಂಗೆ ಬರೀತೀಯಂತೆ?"

"ಜನ ಓದೋ ಹಂಗೆ ಬರೀತೀನಿ ಚಿಕ್ಕಮ್ಮ."

"ಎರಡೂ ಒಂದೇ ಬುಡು. ಗೌಡಗೆರೆ ಕಡೆಯೋರು ಬರೋ ಹಂಗೆ ಬರಿ. ವ್ಯಾಪಾರ ಇಲ್ದಿದ್ರೆ ಹಾಳಾಗೋಗ್ಲಿ, ಎಷ್ಟು ದಿನ ಆಯ್ತು ಒಂದು ಸುದ್ದಿ ಇಲ್ಲ."

ಮಾರನೆಯ ದಿನ ಲ್ಯಾಪ್‌ಟಾಪ್ ತಂದು ಬೆಂಚಿನ ಮೇಲೆ ಕೂತೆ. ನಮ್ಮ ಕಸುಬಿನಲ್ಲಿ ಮೊದಲು ಮಾಡಬೇಕಾದ್ದು ದೊಡ್ಡ ಮಾತಿನ ಆಸೆ ಬಿಡುವುದು. "ಮಧುಗಿರಿ ಬೆಟ್ಟ" ಎಂದು ಎಲ್ಲರೂ ಹುಡುಕುತ್ತಾರೆ ನಿಜ. ಆದರೆ ಅಲ್ಲಿ ಪ್ರವಾಸದ ದೊಡ್ಡ ದೊಡ್ಡ ಸೈಟುಗಳು ಆಗಲೇ ಟವೆಲ್ ಹಾಕಿ ಸೀಟು ಹಿಡಿದಿವೆ. ನಮ್ಮಂಥವರು ಸಣ್ಣ, ಉದ್ದನೆಯ ಮಾತು ಹುಡುಕಬೇಕು. ಕಡಿಮೆ ಜನ ಕೇಳಬೇಕು, ಕೇಳಿದವರಿಗೆ ಅದೇ ಬೇಕಾಗಿರಬೇಕು. ಎರಡು ಅಕ್ಷರ ಹೊಡೆದರೆ ಫೋನೇ ಮಿಕ್ಕಿದ್ದನ್ನು ಸೂಚಿಸುತ್ತದಲ್ಲ, ಅದು ಜನ ಆಗಲೇ ಕೇಳಿರುವ ಮಾತು. ನಾನು ಚಿಕ್ಕಮ್ಮನಿಗೆ ತೋರಿಸಲೆಂದು "ಮಧುಗಿರಿ ಎಸಿ" ಎಂದು ಹೊಡೆದೆ. ಎಸಿ ರಿಪೇರಿ, ಎಸಿ ಬಸ್ಸು, ಎಸಿ ರೂಮು ಎಂದು ಬಂತು.

"ಇದೇನೇ ಇದು, ಸಾಹೇಬ್ರನ್ನ ಯಾರೂ ಕೇಳೋದೇ ಇಲ್ವಾ?" ಎಂದಳು ಚಿಕ್ಕಮ್ಮ.

"ನಿನ್ನತ್ರ ಬಂದೋರು ಏನು ಕೇಳ್ತಾರೆ ಹೇಳು."

"ಜೆರಾಕ್ಸ್ ಎಲ್ಲೈತೆ ಅಂತಾರೆ. ಶಿರಾ ಬಸ್ಸು ಎಷ್ಟೊತ್ಗೆ ಅಂತಾರೆ. ಉಂಡಾದ್ಮೇಲೆ ನಿಂಬೆಹಣ್ಣು ಐತಾ ಅಂತಾರೆ."

ಜೆರಾಕ್ಸು, ಶಿರಾ ಬಸ್ಸು, ಮುದ್ದೆ ಊಟ ಈ ಮೂರನ್ನೂ ಸೇರಿಸಿ, ಎ.ಸಿ. ಕೋರ್ಟಿಗೆ ಬರುವವರು ತಿಳಿದಿರಬೇಕಾದ ಸಂಗತಿಗಳೆಂದು ಲೇಖನ ಬರೆದೆ. ನಿಂಬೆಹಣ್ಣು ಬಿಟ್ಟೆ. ಗೌಡಗೆರೆಯವರನ್ನು ಹಿಡಿಯಬೇಕಲ್ಲ, ಅದಕ್ಕೊಂದು ಉಪಾಯ ಮಾಡಿದೆ. ಹಳ್ಳಿಯವರು ಒಂದಲ್ಲ ಒಂದು ದಿನ ತಮ್ಮ ಊರಿನ ಹೆಸರು ಹಾಕಿ ಏನು ಬರುತ್ತದೆಂದು ನೋಡಿಯೇ ನೋಡುತ್ತಾರೆ. ಹೆಚ್ಚಿನ ಊರುಗಳ ಬಗ್ಗೆ ಏನೂ ಬರುವುದಿಲ್ಲ. ಪೈಪೋಟಿ ಇಲ್ಲದ ಜಾಗ. ಆದ್ದರಿಂದ ಕೊನೆಗೆ ಒಂದು ಸಾಲು ಸೇರಿಸಿದೆ: ಶಿರಾ ತಾಲ್ಲೂಕು ಗೌಡಗೆರೆ ಕಡೆಯವರಿಗೆ ಇಲ್ಲಿ ಊಟ ಉಚಿತ, ಹೋಟೆಲಿನ ಅಮ್ಮನ ತಮ್ಮ ಹೇಗಿದ್ದಾನೆಂದು ಹೇಳಿದರೆ ಸಾಕು. ಬರೆದಾದ ಮೇಲೆ ಇನ್ನೊಮ್ಮೆ ಓದಿ ನೋಡಿದೆ. ಚೆನ್ನಾಗಿದೆ ಎಂದುಕೊಂಡೆ.

ಮೊದಲು ಬಂದದ್ದು, ಲೇಖನದ ಕೆಳಗೆ ಹಾಕಿದ್ದ ನನ್ನ ನಂಬರಿಗೆ ಒಂದು ಫೋನು. ನಮ್ಮ ರಾಜ್ಯದಲ್ಲಿ ಗೌಡಗೆರೆಗಳಿಗೆ ಬರವಿಲ್ಲವಲ್ಲ, ಮಂಡ್ಯದ ಆಚೆ ಎಲ್ಲಿಂದಲೋ ಒಬ್ಬರು ಕರೆ ಮಾಡಿ ನಮ್ಮದೂ ಗೌಡಗೆರೇನೇ, ಮೂವತ್ತು ಜನ ಟೂರ್ ಬರ್ತಾ ಇದ್ದೀವಿ ಎಂದರು. ಹೇಗೋ ಸಮಾಧಾನ ಹೇಳಿ ಫೋನಿಟ್ಟೆ.

ಆಮೇಲೆ ಲೇಖನ ನಿಜವಾಗಿಯೂ ಮೇಲಕ್ಕೆ ಬಂತು. ಆದರೆ ನಾನು ಇಟ್ಟುಕೊಂಡ ಕೀವರ್ಡಿಗೆ ಅಲ್ಲ. ಯಾರಾದರೂ "ಮಧುಗಿರಿಯಲ್ಲಿ ಉಚಿತ ಊಟ" ಎಂದು ಹುಡುಕಿದರೆ ಫೋನು ನನ್ನ ಆ ಕೊನೆಯ ಸಾಲನ್ನೇ ಕಿತ್ತು, ಚೌಕದೊಳಗೆ ಹಾಕಿ, ಎಲ್ಲಕ್ಕಿಂತ ಮೇಲೆ ತೋರಿಸುತ್ತಿತ್ತು. ಮಧುಗಿರಿಯಲ್ಲಿ ಉಚಿತ ಊಟ ಹುಡುಕುವವರು ಅಷ್ಟೊಂದು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ವೆಬ್‌ಸೈಟಿನ ಯಜಮಾನರು ತುಮಕೂರಿನಿಂದ ಫೋನ್ ಮಾಡಿ, "ಸೂಪರ್ ಮೇಡಂ, ಇದೇ ಥರ ಬೇರೆ ಊರಿಂದೂ ಬರೀರಿ" ಎಂದರು.

ಗಲ್ಲಿ ತುಂಬಿತು. ಬಂದವರೆಲ್ಲ ಗೌಡಗೆರೆಯವರು. ಬೆಟ್ಟ ಹತ್ತಿ ಇಳಿದ ಹುಡುಗರು ಬೂಟು ಬಿಚ್ಚದೆ ಒಳಗೆ ಬಂದು, "ಆಂಟಿ, ನಮ್ದು ಗೌಡಗೆರೆ" ಎಂದರು. ಪಾವಗಡದ ಒಬ್ಬ ಹಿರಿಯರು "ಮಾದಿ ಗೌಡಗೆರೇನೇ ಅಮ್ಮಾ" ಎಂದು ತೆಲುಗಿನಲ್ಲೇ ಹೇಳಿ ತಟ್ಟೆ ಎಳೆದುಕೊಂಡರು. ಐ.ಡಿ.ಹಳ್ಳಿಯವರೊಬ್ಬರು, ನನಗೆ ಚೆನ್ನಾಗಿ ಪರಿಚಯದವರೇ, ನನ್ನ ಮುಖ ನೋಡದೆ ಗೌಡಗೆರೆ ಎಂದರು. ಚಿಕ್ಕಮ್ಮ ಎಲ್ಲರಿಗೂ ಬಡಿಸಿದಳು, ಎಲ್ಲರನ್ನೂ ಕೇಳಿದಳು.

"ನಮ್ಮ ತಮ್ಮ ಹೆಂಗವ್ನೆ? ಹುಣಸೆಮರದ ಮನೆಯೋನು?"

"ಚೆನ್ನಾಗವ್ನೆ ಕಣಮ್ಮ."

ಎಲ್ಲರೂ ಅದನ್ನೇ ಹೇಳಿದರು. ಒಬ್ಬ ಬುದ್ಧಿವಂತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ವರ್ಷ ಹುಣಸೆಮರ ಜೋರಾಗಿ ಕಾಯಿ ಬಿಟ್ಟಿದೆ ಎಂದ. ಚಿಕ್ಕಮ್ಮ ಅವನಿಗೆ ಕೇಳದೆಯೇ ಇನ್ನೊಂದು ಮುದ್ದೆ ಇಟ್ಟು ಮಜ್ಜಿಗೆ ಕೊಟ್ಟಳು.

ನನಗೆ ಪಿತ್ತ ನೆತ್ತಿಗೇರಿತು. ಆ ಮರವನ್ನು ಚಿಕ್ಕಮ್ಮನ ಮದುವೆಗೆ ಚಪ್ಪರ ಹಾಕುವಾಗಲೇ ಕಡಿಸಿದ್ದರು. ಈಗ ಉಳಿದಿರುವುದು ಮನೆಯ ಹೆಸರು ಮಾತ್ರ. ಅವನು ಕೈ ತೊಳೆದು ಹೋದ ಮೇಲೆ ನಾನು ಲ್ಯಾಪ್‌ಟಾಪ್ ತೆಗೆದೆ.

"ಆ ಸಾಲು ಈಗಲೇ ತೆಗೀತೀನಿ. ನಾಚಿಕೆ ಮಾನ ಮರ್ಯಾದೆ ಒಂದೂ ಇಲ್ಲ ಈ ಜನಕ್ಕೆ. ನಿನಗಾದರೂ ಗೊತ್ತಾಗಲ್ವಾ ಚಿಕ್ಕಮ್ಮ, ಒಬ್ಬನೂ ಗೌಡಗೆರೆ ಮುಖ ನೋಡಿಲ್ಲ!"

"ನಂಗೆ ಗೊತ್ತಿಲ್ವೇನೇ? ಗೌಡಗೆರೆಯೋನು ನಾನು ಕೇಳೋಕೆ ಮುಂಚೇನೇ ನನ್ನ ತಮ್ಮನ ಮೇಲೆ ಒಂದು ಚಾಡಿ ಹೇಳ್ತಾನೆ."

"ಮತ್ತೆ ಯಾಕೆ ಇಕ್ತೀಯ?"

ಅವಳು ಬೆಂಚು ಒರೆಸುತ್ತಾ ಹೇಳಿದಳು, "ಚೆನ್ನಾಗವ್ನೆ ಅಂತಾರಲ್ಲ. ಸುಳ್ಳಾದ್ರೂ ಕಿವಿಗೆ ಬೀಳ್ತದೆ. ಅದ್ಕೆ ಒಂದು ಮುದ್ದೆ ಹೋದ್ರೆ ಹೋಗ್ಲಿ ಬುಡು. ನಿಜವಾದೋನು ಒಬ್ಬ ಬರೋಗಂಟ ಇರ್ಲಿ." ಒಳಗಿಂದ ಚಿಕ್ಕಪ್ಪ, "ರಾಗಿ ಹಿಟ್ಟು ಮುಗೀತಾ ಬಂತು" ಎಂದ. ಅಷ್ಟು ದಿನಗಳಲ್ಲಿ ಅವನಾಡಿದ್ದು ಅದೊಂದೇ ಮಾತು. ನಾನು ಸಾಲು ತೆಗೆಯಲಿಲ್ಲ. ಅವತ್ತು ಮನೆಗೆ ಬರುವಾಗ ದಾರಿಯುದ್ದಕ್ಕೂ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಶ್ರಾವಣ ಮುಗಿಯುತ್ತಿತ್ತು. ಗೌರಿ ಹಬ್ಬ ಮುಂದಿತ್ತು, ಸಾರಿನ ಉಪ್ಪು ಏರಲು ಶುರುವಾಗಿತ್ತು. ಒಂದು ದಿನ ಊಟದ ಹೊತ್ತು ಮೀರಿದ ಮೇಲೆ ತಲೆಗೆ ಟವೆಲ್ ಸುತ್ತಿದ ಒಬ್ಬ ಗಂಡಸು ಬಂದು ಮೂಲೆಯ ಬೆಂಚಿನಲ್ಲಿ ಗೋಡೆ ಕಡೆ ಮುಖ ಮಾಡಿ ಕೂತ. ಹೋಟೆಲಿನಲ್ಲಿ ಬೇರೆ ಗಿರಾಕಿ ಯಾರೂ ಇರಲಿಲ್ಲ. ನಾನು ಈಚೆ ಬೆಂಚಿನಲ್ಲಿ ಟೈಪ್ ಮಾಡುತ್ತಿದ್ದೆ. ಚಿಕ್ಕಮ್ಮ ಸಾರಿನ ಪಾತ್ರೆಯ ಹತ್ತಿರದಿಂದಲೇ ಕೇಳಿದಳು.

"ಯಾವ ಕಡೆಯೋರು?"

"ಕೊರಟಗೆರೆ ಕಡೆ" ಎಂದ ಅವನು.

ನಾನು ತಲೆ ಎತ್ತಿ ನೋಡಿದೆ. ಲೇಖನ ಬಂದಾಗಿನಿಂದ ಆ ಹೋಟೆಲಿಗೆ ಬಂದ, ಗೌಡಗೆರೆಯವನಲ್ಲದ ಮೊದಲ ಮನುಷ್ಯ ಅವನು. ಪರವಾಗಿಲ್ಲ, ಮಾನವಂತರು ಇನ್ನೂ ಇದ್ದಾರೆ ಎಂದುಕೊಂಡೆ.

ಚಿಕ್ಕಮ್ಮ ಸೌಟು ಹಿಡಿದು ಹಾಗೇ ನಿಂತಿದ್ದಳು. ಆಮೇಲೆ ತಟ್ಟೆಗೆ ಮುದ್ದೆ ಹಾಕಿ ತಂದು ಅವನ ಹಿಂದೆ ನಿಂತಳು. ಮುಂದಕ್ಕೆ ಹೋಗಿ ಮುಖ ನೋಡಲಿಲ್ಲ. ಹೆಗಲ ಮೇಲಿಂದ ಕೈ ಚಾಚಿ ತಟ್ಟೆ ಇಟ್ಟು, ಸಾರು ಬಿಟ್ಟು, ಕೇಳಿದಳು.

"ನಮ್ಮ ತಮ್ಮ ಹೆಂಗವ್ನೆ?"

ಕೊರಟಗೆರೆಯವನಿಗೆ ಇವಳ ತಮ್ಮನ ವಿಷಯ ಹೇಗೆ ಗೊತ್ತಿರಬೇಕು, ಇವಳಿಗೆ ಕೇಳಿ ಕೇಳಿ ಬಾಯಿ ಅಭ್ಯಾಸ ಆಗಿಬಿಟ್ಟಿದೆ ಎಂದು ನಾನು ಹೇಳಲು ಹೊರಟಿದ್ದೆ. ಅವನು ಮುದ್ದೆ ಮುರಿದು ಸಾರಿಗೆ ಅದ್ದಿ, ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡಿದ್ದ.

"ಚೆನ್ನಾಗಿಲ್ಲ ಕಣಕ್ಕ" ಎಂದ.

ಒಳಗೆ ಮುದ್ದೆ ಕೋಲಿನ ಸದ್ದು ನಿಂತಿತು. ಚಿಕ್ಕಪ್ಪ ಬಾಗಿಲಿಗೆ ಬಂದು ನೋಡಿ, ಮತ್ತೆ ಒಳಗೆ ಹೋದ.

"ಏನಾಗೈತೆ?" ಚಿಕ್ಕಮ್ಮನ ದನಿ ಗಟ್ಟಿಯಾಗಿಯೇ ಇತ್ತು.

"ಏನಿಲ್ಲ. ಗೌರಿ ಹಬ್ಬ ಬಂದ್ರೆ ಮನೇಲಿರಾಕಾಗಲ್ಲ. ಹೊಲಕ್ಕೋಗಿ ಸುಮ್ನೆ ಕೂತ್ಕಂತೀನಿ." ಅವನೇ ಮುಂದುವರಿಸಿದ. "ಮಗಳು ಊರ ಹೆಸ್ರು ಹಾಕಿ ಏನೋ ಹುಡುಕ್ತಿದ್ಲು. ನಿನ್ನ ಹೋಟ್ಲು ಬಂತು. ಓದಿ ಹೇಳಿದ್ಲು."

ಊರ ಹೆಸರು ಹಾಕಿ ಹುಡುಕಿದ್ದಾರೆ. ನನ್ನ ಕೀವರ್ಡು ಕೆಲಸ ಮಾಡಿತ್ತು. ಆದರೆ ಅದನ್ನು ಹೇಳಿಕೊಳ್ಳುವ ಹೊತ್ತು ಅದಲ್ಲ. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಅವನಿಗೆ ಇನ್ನಷ್ಟು ಸಾರು ಬಿಟ್ಟಳು. ಅವನು ಉಂಡ. ಅವಳು ಎದುರಿನ ಬೆಂಚಿನಲ್ಲಿ ಕೂತು ನೋಡಿದಳು. ಗಿರಾಕಿ ಉಣ್ಣುವಾಗ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಉಪ್ಪು ಜಾಸ್ತಿ ಎಂದು ಅವನೂ ಹೇಳಲಿಲ್ಲ.

ಕೈ ತೊಳೆದು ಬಂದವನು ಜೇಬಿನಿಂದ ದುಡ್ಡು ತೆಗೆದು ಬೆಂಚಿನ ಮೇಲಿಟ್ಟ. ಕೊರಟಗೆರೆಯವನು ಎಂದು ಹೇಳಿದ ಮೇಲೆ ಕೊಡಲೇಬೇಕಲ್ಲ. ಚಿಕ್ಕಮ್ಮ ಅದನ್ನು ಅವನ ಜೇಬಿಗೇ ವಾಪಸ್ ತುರುಕಿದಳು.

"ಹಬ್ಬಕ್ಕೆ ಬಾಗಿನ ತತ್ತಾ. ಕಂಡಕ್ಟರ್ ಕೈಲಿ ಅಲ್ಲ, ನೀನೇ ತತ್ತಾ."

"ಹೂಂ ಕಣಕ್ಕ."

ಚಿಕ್ಕಮ್ಮ ಅವನನ್ನು ಬಸ್ ಸ್ಟ್ಯಾಂಡಿನ ತನಕ ಬಿಟ್ಟುಬಂದಳು. ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಎದುರಿಗೆ ನಿಂತಳು.

"ಲೇ, ಆ ಸಾಲು ತೆಗ್ದಾಕು. ಕಂಡಕಂಡೋರ್ಗೆಲ್ಲ ಬಿಟ್ಟಿ ಇಕ್ಕಾಕೆ ನಾನೇನು ಛತ್ರ ಇಟ್ಕಂಡಿದೀನಾ?"