ಕಾಲಿನ ನುಡಿಗಟ್ಟುಗಳು

ಇಂಗ್ಲಿಷಿನ ನುಡಿಗಟ್ಟುಗಳು ಒಂಟಿಯಾಗಿ ಸಂಚರಿಸುವ ಜೀವಿಗಳಲ್ಲ ಎಂಬುದು ನನ್ನ ಬಹುಕಾಲದ ಸಂಶೋಧನೆ. ದಿನಬಳಕೆಯ ಒಂದು ಬಡಪಾಯಿ ಪದವನ್ನು ಹಿಡಿದು ಮೆಲ್ಲಗೆ ಅಲುಗಾಡಿಸಿ ನೋಡಿ, ಮಾವಿನ ಕೊಂಬೆಯ ಕೆಂಪಿರುವೆಗಳ ಹಾಗೆ ಹಿಂಡುಹಿಂಡಾಗಿ ಅಂಗಿಯೊಳಗೆ ಉದುರುತ್ತವೆ. 'ಹ್ಯಾಂಡ್' ಎಂದರೆ ಒಂದು ಹಿಂಡು, 'ಐ' ಎಂದರೆ ಇನ್ನೊಂದು, 'ಹಾರ್ಟ್' ಎಂದರಂತೂ ಮೈಯೆಲ್ಲ ದದ್ದು ಏಳುವಷ್ಟು. ನಮ್ಮ ಮಂಜೇಶ್ವರದ ಕಡೆ ಸರ್ಕಾರಿ ಗುಮಾಸ್ತನಾಗಬಯಸುವ ಪ್ರತಿಯೊಬ್ಬನೂ ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ, ಶಾಲೆಯಲ್ಲಿ ಕನ್ನಡವನ್ನೂ, ಕಚೇರಿಯಲ್ಲಿ ಮಲಯಾಳವನ್ನೂ ದಾಟಿ ಬಂದಮೇಲೆ, ಕೊನೆಯ ಹೊಸ್ತಿಲಲ್ಲಿ ಈ ಇರುವೆಗಳಿಂದ ಕಚ್ಚಿಸಿಕೊಳ್ಳಲೇಬೇಕು. ಪ್ರಶ್ನೆಪತ್ರಿಕೆಯಲ್ಲಿ ಅವಕ್ಕೆ ಖಾಯಂ ಆಸನ ಉಂಟು. ನಮಗೆ ಮಾತ್ರ ಎಲ್ಲೂ ಇಲ್ಲ.

ಈ ಪರೀಕ್ಷೆಗಳನ್ನು ನನ್ನಷ್ಟು ಶ್ರದ್ಧೆಯಿಂದ ಬರೆದವನೂ, ನನ್ನಷ್ಟು ಶ್ರದ್ಧೆಯಿಂದ ಅನುತ್ತೀರ್ಣನಾದವನೂ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಆದ್ದರಿಂದಲೇ ಪೇಟೆಯ ಒಂದು ಮಾಳಿಗೆಯಲ್ಲಿ ಭಾನುವಾರದ ತರಗತಿಗೆ ನಾನು ಮೇಷ್ಟ್ರು. ಪಾಸಾದವರು ಕೆಲಸಕ್ಕೆ ಹೋಗಿಬಿಡುತ್ತಾರಲ್ಲ, ಪಾಠ ಮಾಡುವುದಕ್ಕೆ ಉಳಿಯುವವರು ನಾವೇ. ನನ್ನ ಇನ್ನೊಂದು ಅರ್ಹತೆ ಅನುಕರಣವಿದ್ಯೆ. ತಡವಾದ ರೈಲಿಗಾಗಿ ಮೂರು ಭಾಷೆಗಳಲ್ಲಿ ಒಂದೇ ಸಮನೆ ವಿಷಾದಿಸುವ ಸ್ಟೇಷನ್ನಿನ ಹೆಣ್ಣುಸ್ವರ, ಮೈಕ್ ಕಂಡೊಡನೆ ಮಲಯಾಳಕ್ಕೆ ಜಾರಿ ಅರ್ಧದಲ್ಲಿ ಕಾಣೆಯಾಗುವ ನಮ್ಮ ಪಂಚಾಯತ್ ಮೆಂಬರ್, ಫೋನಿನಲ್ಲಿ ಸುಳ್ಳು ಹೇಳುವ ಮೊದಲು ನನ್ನ ಅಪ್ಪ ಕೆಮ್ಮುವ ಪೀಠಿಕೆಯ ಕೆಮ್ಮು, ಇವರೆಲ್ಲ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ನನ್ನ ಸ್ವಂತ ಸ್ವರ ಯಾವುದೆಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಆ ಬಾಡಿಗೆದಾರರಲ್ಲಿ ಅತ್ಯಂತ ಕಷ್ಟದವರು ಕೆಳಗಿನ ಅಂಗಡಿಯ ಟೈಲರ್ ಅದ್ರಾಮಾಕ. ಹೆಂಡತಿ ನಬೀಸ ತೀರಿಕೊಂಡಮೇಲೆ ಮಗಳು ಝೊಹರಾಳ ಜೊತೆ ಪಳ್ಳಿಯ, ಅಂದರೆ ಮಸೀದಿಯ, ಹಿಂದಿನ ಮನೆಯಲ್ಲಿದ್ದಾರೆ. ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವರದು. ಹಾಗಾಗಿ ತುಟಿ ಮುಚ್ಚದೆ ಹುಟ್ಟದ ಅಕ್ಷರಗಳೆಲ್ಲ ಅವರ ಕನ್ನಡದಿಂದ ವರ್ಜ್ಯ. ಪ, ಬ, ಮ ಇಲ್ಲದ ಆ ವಿಶಿಷ್ಟ ಭಾಷೆಯಲ್ಲಿ ನಾನು ಅವರಿಗೇ ಅವರನ್ನು ಒಪ್ಪಿಸಿದ ದಿನ, ಸೂಜಿಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿಕೊಂಡು, "ನನ್ನನ್ನು ನೀನು ಆಡಿಸಿಕೊಳ್ಳುವುದಲ್ಲವಾ? ನಿನ್ನ ಪ್ಯಾಂಟಿನ ಸೊಂಟ ನನ್ನ ಕೈಯಲ್ಲಿ ಉಂಟು, ನೆನಪಿರಲಿ ಮಾಷ್ಟ್ರೆ" ಎಂದಿದ್ದರು. ಅವರ ಹೊಲಿಗೆಯಂತ್ರಕ್ಕೆ ಮೋಟಾರಿಲ್ಲ. ತುಳಿಯುವುದು ಬರಿಗಾಲಿನಲ್ಲಿ, ಚಪ್ಪಲಿ ಹಾಕಿದರೆ ದಾರದ ಬಿಗಿ ಕಾಲಿಗೆ ಗೊತ್ತಾಗುವುದಿಲ್ಲವಂತೆ. ಗೊತ್ತಾಗುವ ಶಕ್ತಿಯೇ ಆ ಕಾಲಿನಿಂದ ಸಕ್ಕರೆ ಕಾಯಿಲೆಯ ಕೃಪೆಯಿಂದ ಎಂದೋ ಹೊರಟುಹೋಗಿತ್ತೆಂಬುದು ಅವರಿಗೂ ತಿಳಿದಿರಲಿಲ್ಲ.

ನೆಲಕ್ಕೆ ಬಿದ್ದ ಸೂಜಿಯೊಂದು ಎಡಗಾಲಿನ ಹಿಮ್ಮಡಿಗೆ ಹೊಕ್ಕಿತು. ಹೊಕ್ಕಿದ್ದು ಎಂದು, ಎಷ್ಟು ರವಿಕೆ, ಎಷ್ಟು ಯೂನಿಫಾರ್ಮು ಅದರ ಮೇಲೆಯೇ ತುಳಿದು ಹೊಲಿದದ್ದು ಎಂಬುದನ್ನು ಹೇಳಬಲ್ಲವರಿಲ್ಲ. ಮನೆಯಲ್ಲಿ ಏನೋ ಸತ್ತ ವಾಸನೆ ಬರುತ್ತಿದೆಯೆಂದು ಝೊಹರಾ ಕಪಾಟಿನ ಹಿಂದೆಲ್ಲ ಇಲಿಯನ್ನು ಹುಡುಕಿ, ಕೊನೆಗೆ ಅಪ್ಪನ ಕಾಲಿನಲ್ಲಿ ಅದನ್ನು ಕಂಡಳು.

ಮಂಗಳೂರಿನ ಆಸ್ಪತ್ರೆಗೆ ನಾನೂ ಹೋಗಿದ್ದೆ, ಡಾಕ್ಟರರ ಇಂಗ್ಲಿಷಿಗೆ ದುಭಾಷಿಯಾಗಿ. ನನ್ನ ಅಗತ್ಯವೇ ಬೀಳಲಿಲ್ಲ. ಡಾಕ್ಟರ್ ತಮ್ಮ ಪೆನ್ನಿನಿಂದ ಮೊಣಕಾಲಿನ ಕೆಳಗೆ ಗಾಳಿಯಲ್ಲಿ ಒಂದು ಗೆರೆ ಎಳೆದರು. ಜೀವಮಾನವೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸಿದವರಿಗೆ ಅದಕ್ಕಿಂತ ಸ್ಪಷ್ಟವಾದ ಭಾಷೆ ಬೇಕೆ? ವಿಷ ಮೇಲೇರುತ್ತಿದೆ, ತಡಮಾಡಿದರೆ ಮೊಣಕಾಲೂ ಹೋಗುತ್ತದೆ, ಇನ್ನೂ ತಡಮಾಡಿದರೆ ಮನುಷ್ಯನೇ ಹೋಗುತ್ತಾನೆ ಎಂದರು. ಅದ್ರಾಮಾಕ ಅಷ್ಟಕ್ಕೂ ತಲೆಯಾಡಿಸಿ ಒಂದೇ ಪ್ರಶ್ನೆ ಕೇಳಿದರು.

"ತೆಗೆದದ್ದನ್ನು ನೀವು ಎಂತ ಮಾಡ್ತೀರಿ?"

"ಅದರ ಚಿಂತೆ ನಿಮಗೆ ಬೇಡ. ಸುಡುವ ವ್ಯವಸ್ಥೆ ಉಂಟು."

"ಹಾಗಾದ್ರೆ ಬೇಡ ಡಾಕ್ಟ್ರೆ. ಕಾಲು ನನ್ನಲ್ಲೇ ಇರಲಿ."

ವರಾಂಡದಲ್ಲಿ ಝೊಹರಾ ಅತ್ತಳು, ಗದರಿದಳು, ಮತ್ತೆ ಅತ್ತಳು. "ಉಪ್ಪಾ, ನಿಮಗೆ ನಾನು ದೊಡ್ಡದಾ, ಕೊಳೆತ ಕಾಲು ದೊಡ್ಡದಾ?" ಅವರು ಗಾಲಿಕುರ್ಚಿಯಲ್ಲಿ ಕುಳಿತು, ಬಟ್ಟೆ ತಪ್ಪು ಅಳತೆಗೆ ಕತ್ತರಿಸಲು ಹೇಳಿದ ಗಿರಾಕಿಯನ್ನು ನೋಡುವಂತೆ ನಮ್ಮಿಬ್ಬರನ್ನೂ ನೋಡಿದರು. "ಕೊಳೆತದ್ದಾದ್ರೂ ನನ್ನದೇ ಅಲ್ಲವಾ ಮಗಳೇ? ಕಸದ ಒಟ್ಟಿಗೆ ಬೆಂಕಿಗೆ ಹಾಕ್ಲಿಕ್ಕೆ ಅದು ಎಂತ ತಪ್ಪು ಮಾಡಿದೆ? ಪಳ್ಳಿಯಲ್ಲಿ ನಿನ್ನ ಉಮ್ಮನ ಖಬರಿನ ಪಕ್ಕ ಜಾಗ ಖಾಲಿ ಉಂಟು. ಅದು ಮೊದಲು ಅಲ್ಲಿಗೆ ಹೋಗಲಿ, ಮತ್ತೆ ನಾನು ಹೋಗ್ತೇನೆ. ಅಷ್ಟು ಆಗ್ತದಾದ್ರೆ ಕತ್ತರಿಸಲಿ."

ಊರಿನ ಪಳ್ಳಿಯ ಉಸ್ತಾದರಿಗೆ ಫೋನ್ ಮಾಡಿದೆವು. ಬಿಳಿ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಬಹುದು, ಅದಕ್ಕೆಂದು ನಮಾಜು ಇಲ್ಲ, ತನ್ನಿ ಎಂದರು. ಕಾಗದ ಬರೆದು ಕಾಲನ್ನು ಒಪ್ಪಿಸಲು ಡಾಕ್ಟರೂ ಒಪ್ಪಿದರು. ಆದರೆ ತರುವವರು ಯಾರು? ಝೊಹರಾ ಆಸ್ಪತ್ರೆ ಬಿಟ್ಟು ಬರುವಂತಿಲ್ಲ, ಅವಳ ಗಂಡ ದೋಹಾದಲ್ಲಿ. ಹೊಣೆಯನ್ನು ನಾನು ಹೊತ್ತದ್ದು ಧೈರ್ಯದಿಂದಲ್ಲ. ಆ ಹೊತ್ತಿಗೆ ಅನುಕರಿಸಲು ಬೇರೆ ಯಾವ ಧೈರ್ಯವಂತನೂ ನೆನಪಿಗೆ ಬಾರದೆ, ಬರಿದೇ "ನಾನು ತರ್ತೇನೆ" ಎಂದುಬಿಟ್ಟೆ. ಅದ್ರಾಮಾಕ ನನ್ನ ಮುಖವನ್ನೇ ನೋಡುತ್ತ, "ತಮಾಷೆ ಅಲ್ಲ ತಾನೆ?" ಎಂದು ಕೇಳಿದರು. ಊರಿಡೀ ನಗಿಸಿದವನಿಗೆ ಸಿಗುವ ಸಂಬಳ ಇದು: ಅಳುವ ವಿಷಯದಲ್ಲಿ ಅವನನ್ನು ಎರಡು ಸಲ ಕೇಳಬೇಕಾಗುತ್ತದೆ.

ಆಸ್ಪತ್ರೆಗೆ ಭರ್ತಿಯಾಗುವ ಮೊದಲು ಒಂದು ಬೆಳಗ್ಗೆ ಅಂಗಡಿಯಲ್ಲಿ ಕೆಲಸ ಉಂಟು ಎಂದರು ಅವರು. ಅದು ಭಾನುವಾರ. ನಾನು ಮಾಳಿಗೆಗೆ ಹತ್ತುವಾಗ ಇಣುಕಿ ನೋಡಿದರೆ, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಅಳತೆಯ ಟೇಪಿನಿಂದ ಮೊಣಕಾಲಿನಿಂದ ಬೆರಳಿನವರೆಗೆ, ಮೀನಖಂಡದ ಸುತ್ತ, ಪಾದದ ಸುತ್ತ ತಾವೇ ಅಳೆದುಕೊಳ್ಳುತ್ತಿದ್ದರು. ಮೇಜಿನ ಮೇಲೆ ಹೊಸ ಬಿಳಿ ಬಟ್ಟೆ. ತುಟಿಗಳ ನಡುವೆ ಸೂಜಿ. ನನ್ನನ್ನು ಕಂಡು ಕೈಯಲ್ಲೇ, ಮೇಲೆ ಹೋಗು ಎಂದರು.

ಮೇಲೆ ಅಂದು ನನಗೆ ಒದಗಿದ ಪದ, ವಿಧಿಯ ರಸಿಕತೆಯನ್ನು ಮೆಚ್ಚಲೇಬೇಕು, 'ಫುಟ್'. ಪಾಠದ ಕ್ರಮ ನಾನು ಮಾಡಿದ್ದಲ್ಲ, ಗೈಡಿನಲ್ಲಿ ಅಚ್ಚಾದದ್ದು. 'ಪುಟ್ ಯುವರ್ ಫುಟ್ ಡೌನ್' ಎಂದರೆ ಜಗ್ಗದೆ ಹಟ ಹಿಡಿಯುವುದು. 'ಬೆಸ್ಟ್ ಫುಟ್ ಫಾರ್ವರ್ಡ್' ಎಂದರೆ ನಮ್ಮಲ್ಲಿರುವ ಚೆಂದದ್ದನ್ನು ಮುಂದೊಡ್ಡುವುದು. 'ಫುಟ್ ಇನ್ ದಿ ಮೌತ್' ಎಂದರೆ ಆಡಬಾರದ್ದನ್ನು ಆಡಿ ಸಿಕ್ಕಿಬೀಳುವುದು, ಇದಕ್ಕೆ ಉದಾಹರಣೆ ಕೇಳಿದರೆ ಮಕ್ಕಳೆಲ್ಲ ನನ್ನತ್ತ ಬೆರಳು ತೋರಿಸಿದರು. ಓದುಗ ಮಹಾಶಯ, ಈ ಭಾಷೆಯವರು ತಮ್ಮ ಕಾಲನ್ನು ಬಾಯಲ್ಲಿ, ಬಾಗಿಲಲ್ಲಿ, ಎಲ್ಲೆಂದರಲ್ಲಿ ಇಟ್ಟು ಮರೆಯುವುದನ್ನು ಎಷ್ಟೋ ಸಲ ಅಣಕಿಸಿ ನಗಿಸಿದ್ದೇನೆ. ಕಾಲು ಮೈಗೆ ಅಂಟಿಕೊಂಡೇ ಇರುತ್ತದೆಂಬ ಭರವಸೆಯಿದ್ದವರಿಗೆ ಮಾತ್ರ ಅಂಥ ವಿನೋದ ದಕ್ಕುತ್ತದೆಂದು ಅಂದೇ ಹೊಳೆದದ್ದು. ಕೆಳಗಿನಿಂದ ಯಂತ್ರದ ಸದ್ದು ಬರುತ್ತಿತ್ತು. ಎಂದಿನ ಸರಾಗವಾದ ಓಟವಲ್ಲ, ಬಲಗಾಲೊಂದೇ ತುಳಿಯುವ, ನಿಂತು ನಿಂತು ಹೊರಡುವ ಸದ್ದು.

"ಸರ್, ನಾಲ್ಕನೆಯದ್ದು ಬಿಟ್ರಿ," ಎಂದಳು ಮೀಂಜದಿಂದ ಬರುವ ಕಾವ್ಯ.

ನಾಲ್ಕನೆಯದು 'ಒನ್ ಫುಟ್ ಇನ್ ದಿ ಗ್ರೇವ್'. ಒಂದು ಕಾಲನ್ನು ಗೋರಿಯಲ್ಲಿಟ್ಟವನು, ಅರ್ಥಾತ್ ಸಾವಿಗೆ ಸಮೀಪಿಸಿದವನು.

"ಅದು ಪರೀಕ್ಷೆಗೆ ಬರುವುದಿಲ್ಲ."

"ಕಳೆದ ಸಲ ಬಂದಿತ್ತಲ್ಲ ಸರ್?"

"ಅದಕ್ಕೇ ಈ ಸಲ ಬರುವುದಿಲ್ಲ ಮಾರಾಯ್ತಿ," ಎಂದು ನಾನು 'ಹೆಡ್'ಗೆ ಹಾರಿದೆ. ತಲೆಯ ಮೇಲೆ ನಿಂತಾದರೂ ಕಾಲಿನಿಂದ ಪಾರಾದರೆ ಸಾಕಾಗಿತ್ತು.

ಶಸ್ತ್ರಚಿಕಿತ್ಸೆ ಮುಗಿದ ಮಧ್ಯಾಹ್ನ ಆಸ್ಪತ್ರೆಯವರು ಅದನ್ನು ಅದ್ರಾಮಾಕ ಹೊಲಿದ ಚೀಲದಲ್ಲಿಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಐಸಿನ ಸಮೇತ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕೊಟ್ಟರು. ಜೊತೆಗೆ ಮೊಹರು ಒತ್ತಿದ ಒಂದು ಕಾಗದ. ಆಟೋದವರು ಕೇರಳದ ಗಡಿ ದಾಟುವುದಿಲ್ಲ. ಒಪ್ಪಿಕೊಂಡಿದ್ದ ಕಾರಿನವನಿಗೆ ಒಳಗಿರುವುದು ಏನೆಂದು ಹೇಳಿದೊಡನೆ ಟಯರ್ ಪಂಕ್ಚರಾದದ್ದು ನೆನಪಾಯಿತು. ಉಳಿದದ್ದು ಕಾಸರಗೋಡಿನ ಬಸ್ಸು.

ನಮ್ಮ ಕರಾವಳಿಯಲ್ಲಿ ಥರ್ಮಾಕೋಲ್ ಪೆಟ್ಟಿಗೆಗೆ ಇರುವುದು ಒಂದೇ ಅರ್ಥ. ಮಂಗಳೂರಿನಿಂದ ಅದನ್ನು ಹೊತ್ತು ಬಸ್ಸು ಹತ್ತಿದವನು ಬಂದರಿನಿಂದ ಮೀನು ತರುತ್ತಿದ್ದಾನೆ, ಅವನ ಮನೆಯಲ್ಲಿ ಏನೋ ವಿಶೇಷವಿದೆ. ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕೂರುವಷ್ಟರಲ್ಲಿ ಪಕ್ಕದ ಸೀಟಿನ ಕಂಬಳಕೋಣದಂಥ ದಢೂತಿ ಆಸಾಮಿ ಬಾಗಿ ಯಾವ ಮೀನೆಂದು ವಿಚಾರಿಸಿದ.

"ಅಂಜಲಾ?"

ನಾನು ತಲೆಯಾಡಿಸಿದೆ. ಹೌದೆಂದೂ ಇಲ್ಲವೆಂದೂ ಅರ್ಥವಾಗಬಲ್ಲ ಹಾಗೆ.

"ಇಡೀದಾ, ತುಂಡಾ?"

ಯಾರ ಸ್ವರವೂ ಬರಲಿಲ್ಲ. ಸ್ಟೇಷನ್ನಿನ ಹೆಂಗಸು, ಮೆಂಬರ್, ಅಪ್ಪ, ನನ್ನ ಬಾಡಿಗೆದಾರರೆಲ್ಲ ಮನೆ ಖಾಲಿಮಾಡಿ ಹೋಗಿದ್ದರು. "ತುಂಡು" ಎಂದೆ.

"ಛೆ, ಇಡೀದು ತರಬೇಕು ಮಾರಾಯ. ತುಂಡಾದ್ರೆ ಹಳೆಯದ್ದನ್ನು ಸೇರಿಸಿ ಕೊಡ್ತಾರೆ. ಯಾರಿಗೆ, ಮದುವೆಯಾ?"

ಹಿಂದಿನ ಸೀಟಿನ ಹೆಂಗಸು ಕಾಲು ಮೇಲೆತ್ತಿಕೊಂಡು, "ಮೀನಿನ ನೀರು ಸೋರ್ತಾ ಉಂಟು, ನೋಡಿಕೊಳ್ಳಿ" ಎಂದಳು. ಪೆಟ್ಟಿಗೆಯ ಮೂಲೆ ಒಡೆದಿತ್ತು. ಐಸು ಕರಗಿ ನನ್ನ ಪ್ಯಾಂಟಿನ ಮೇಲೆ ಹರಿಯುತ್ತಿತ್ತು, ಅದೂ ಅವರೇ ಹೊಲಿದುಕೊಟ್ಟದ್ದು. ಕರ್ಚೀಫನ್ನು ಮೂಲೆಗೆ ಒತ್ತಿ ಹಿಡಿದು ಕುಳಿತೆ. ತೊಕ್ಕೊಟ್ಟು ದಾಟಿತು, ಕೋಟೆಕಾರು ದಾಟಿತು. ನನಗೆ ನಗು ಬರುತ್ತಿತ್ತೆಂದು ಹೇಳಿದರೆ ನೀವು ನನ್ನನ್ನು ಕ್ಷಮಿಸುವುದಿಲ್ಲ. ಬರಲಿಲ್ಲವೆಂದರೆ ನಾನು ನನ್ನನ್ನು ನಂಬುವುದಿಲ್ಲ.

ತಲಪಾಡಿ ಕಳೆದಮೇಲಿನ ಚೆಕ್‌ಪೋಸ್ಟಿನಲ್ಲಿ ಬಾಟಲಿ ಹುಡುಕುವವರು ಬಸ್ಸು ಹತ್ತಿದರು. ಗಡಿಯ ಆಚೆಯಿಂದ ಮದ್ಯ ತರುವವರು ಮೀನಿನ ಕೆಳಗೆ ಅಡಗಿಸುವುದು ಹಳೆಯ ಉಪಾಯ. ಅಧಿಕಾರಿ ಪೆಟ್ಟಿಗೆಯ ಮೇಲೆ ಬೆರಳಿನಿಂದ ಬಡಿದು, "ತೊರಕ್ಕ್" ಎಂದ. ತೆರೆಯಬೇಕಂತೆ. ನಾನು ತೆರೆಯದೆ ಕಾಗದ ಚಾಚಿದೆ. ಓದಿದ. ಇನ್ನೊಮ್ಮೆ ಮೊದಲಿನಿಂದ ಓದಿದ. ಮುಚ್ಚಳದ ಮೇಲಿದ್ದ ಕೈಯನ್ನು ತೆಗೆದು ತನ್ನ ಪ್ಯಾಂಟಿಗೆ ಒರೆಸಿಕೊಂಡ.

"ಕಾಲ್," ಎಂದ, ತನಗೆ ತಾನೇ ಎಂಬಂತೆ. ಆ ಪದ ಎರಡು ಭಾಷೆಗಳಿಗೂ ಸಾಮಾನ್ಯ. ಬಸ್ಸಿನಲ್ಲಿ ಅರ್ಥವಾಗದವರು ಯಾರೂ ಇರಲಿಲ್ಲ. "ಆರ್ಡೆಯಾ?" ಎಂದು ಕೇಳಿದ. ಯಾರದ್ದು?

"ಟೈಲರ್ ಅದ್ರಾಮಾಕಂದು," ಎಂದೆ.

ಅಧಿಕಾರಿ ಇಳಿದುಹೋದ. ಬಸ್ಸು ಹೊರಟಿತು. ಪಕ್ಕದ ದಢೂತಿ ಪೆಟ್ಟಿಗೆಯ ಇನ್ನೊಂದು ಬದಿಗೆ ಕೈಕೊಟ್ಟು ತುಸು ಭಾರ ತನ್ನ ತೊಡೆಗೆ ತೆಗೆದುಕೊಂಡ. "ನನ್ನ ಮದುವೆಯ ಅಂಗಿ ಅವರೇ ಹೊಲಿದದ್ದು," ಎಂದ. "ಕುತ್ತಿಗೆ ಬಿಗಿಯಾಗಿತ್ತು. ಹೇಳಿದ್ದಕ್ಕೆ, ಇನ್ನು ಅಭ್ಯಾಸ ಮಾಡಿಕೋ ಅಂದಿದ್ರು." ನನ್ನ ಜೊತೆಗೇ ಇಳಿದು ಪಳ್ಳಿಯ ಗೇಟಿನವರೆಗೂ ಪೆಟ್ಟಿಗೆಗೆ ಕೈ ಹಿಡಿದು ಬಂದ.

ಗುಂಡಿ ಸಣ್ಣದು. ಅಷ್ಟು ಸಣ್ಣ ಗುಂಡಿಯನ್ನು ಅಲ್ಲಿ ತೋಡುವುದು ಎಳೆಗೂಸುಗಳಿಗೆ ಮಾತ್ರ. ಉಸ್ತಾದರು ಪ್ಲಾಸ್ಟಿಕ್ ಬಿಡಿಸಿದಾಗ ಚೀಲ ನೆಂದು ಹೋಗಿತ್ತು, ಆದರೆ ಹೊಲಿಗೆಯ ಒಂದೆಳೆಯೂ ಸಡಿಲವಾಗಿರಲಿಲ್ಲ. ಒಳಗೊಂದು ಸಾಲು, ಹೊರಗೊಂದು ಸಾಲು, ಬಾಯಿಗೆ ಅಡಿಕೆಗಾತ್ರದ ಗಂಟು ಹಾಕಿದ ಲಾಡಿ. ಜೀವಮಾನದಲ್ಲಿ ಯಾರಿಗೂ ಹೇಳಿದ ದಿನಕ್ಕೆ ಬಟ್ಟೆ ಕೊಡದ ಟೈಲರ್ ಸಮಯಕ್ಕೆ ಸರಿಯಾಗಿ ಮುಗಿಸಿಕೊಟ್ಟ ಏಕೈಕ ಉಡುಪು ಅದು. ನಬೀಸಳ ಗೋರಿಯ ಪಕ್ಕದಲ್ಲಿ ಅದನ್ನು ಇಳಿಸಿ ಮಣ್ಣು ಮುಚ್ಚಿದರು. ಪ್ರಾರ್ಥನೆ ಇರಲಿಲ್ಲ. ಮುಗಿಯಿತೇ ಎಂದು ನಾನು ಕೇಳಿದೆ. "ಮುಗಿಯಿತು, ಉಳಿದದ್ದು ಅವರು ಬಂದಮೇಲೆ," ಎಂದರು ಉಸ್ತಾದರು.

ಮರುದಿನ ಬೆಳಗ್ಗೆ ವಾರ್ಡಿಗೆ ಹೋದೆ. ಅದ್ರಾಮಾಕ ಎಚ್ಚರವಾಗಿದ್ದರು. ಹೊದಿಕೆ ಎಡಬದಿಯಲ್ಲಿ ಮೊಣಕಾಲಿನಿಂದಾಚೆಗೆ ಚಪ್ಪಟೆಯಾಗಿ ಮಲಗಿತ್ತು. ತುಟಿಗಳಲ್ಲಿ ಸೂಜಿಯಿಲ್ಲದೆ ಅವರನ್ನು ನೋಡಿ ಅಭ್ಯಾಸವಿಲ್ಲದ ನನಗೆ ಆ ಬಾಯಿ ಬೇರೆ ಯಾರದ್ದೋ ಅನಿಸಿತು. ಡಾಕ್ಟರ್ ಆಗಷ್ಟೇ ಬಂದು ಹೋಗಿದ್ದರು. ಬಲಗಾಲಿನ ಬಗ್ಗೆಯೂ ಎಚ್ಚರ ಬೇಕು ಎಂದಿದ್ದರಂತೆ.

"ಆಯ್ತಾ?"

"ಆಯ್ತು ಕಾಕ."

"ನಬೀಸಳ ಹತ್ತಿರವೇ ತಾನೆ?"

"ಹತ್ತಿರವೇ."

"ಐಸು ಒಟ್ಟಿಗೆ ಹಾಕಲಿಲ್ಲವಲ್ಲ?"

"ಇಲ್ಲ. ಎಲ್ಲ ಹೊರಗೆ ಚೆಲ್ಲಿದೆವು."

ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೆಂದುಕೊಂಡೆ. ಹಾಗೇ ಮಲಗಿದ್ದಲ್ಲಿಂದ ಕೇಳಿದರು, "ಒರೆಸಿದ್ರಾ? ಬೆರಳಿನ ಎಡೆಯಲ್ಲಿ ಒದ್ದೆ ನಿಲ್ಲಬಾರದು ಅಂತ ಡಾಕ್ಟ್ರು ಹೇಳಿದ್ದಾರೆ."

ಮಣ್ಣಿಗಿಡುವ ಮೊದಲು ಆ ಕಾಲನ್ನು ಒರೆಸಿರಲಿಲ್ಲ. ಹಾಗೆ ಒಬ್ಬರಿಗೂ ತೋಚಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಝೊಹರಾ ಸ್ಟೂಲಿನಿಂದ ಎದ್ದು ಮಂಚದ ಕಾಲಬದಿಗೆ ಹೋದಳು. ಹೊದಿಕೆ ಸರಿಸಿ, ಬಲಗಾಲನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಶಾಲಿನ ತುದಿಯಿಂದ ಬೆರಳುಗಳ ಎಡೆಯನ್ನು ಒಂದೊಂದಾಗಿ ಒರೆಸತೊಡಗಿದಳು. ಅದು ಒಣಗಿಯೇ ಇತ್ತು.