ಅಚ್ಯುತನ್ ಮೇಷ್ಟ್ರ ಉಪಗ್ರಹ

ಅಚ್ಯುತನ್ ಮೇಷ್ಟ್ರು ಬಾಯಿ ಮುಚ್ಚಿಕೊಂಡಿದ್ದಾಗಲೂ ಅವರ ಬೆರಳು ಮಾತಾಡುತ್ತಿತ್ತು. ಮೇಜು, ಕಿಟಕಿಯ ಚೌಕಟ್ಟು, ಹೋಟೆಲಿನ ಬೆಂಚು, ಕೈಗೆ ಏನು ಸಿಕ್ಕಿದರೂ ಟಕ್, ಟಕ್‌ಟಕ್ ಎಂದು ತಟ್ಟುತ್ತಿದ್ದರು. ಯುದ್ಧದ ಕಾಲದಲ್ಲಿ ಬರ್ಮಾ ಗಡಿಯಲ್ಲಿ ವೈರ್‌ಲೆಸ್‌ನಲ್ಲಿ ಟಕ್‌ಟಕ್ ಸಂಕೇತ ಕಳಿಸುವ ಕೆಲಸ ಮಾಡಿದವರು. ಅಭ್ಯಾಸ ಕೈಬಿಟ್ಟಿರಲಿಲ್ಲ. ಊರಿನವರಿಗೆ ಮಾತ್ರ ಅದು ಅಭ್ಯಾಸವೆಂದು ಅನಿಸಲೇ ಇಲ್ಲ. ಇವರು ಯಾರಿಗೆ ಏನು ಹೇಳುತ್ತಿದ್ದಾರೆ ಎಂದು ಹೋಟೆಲಿನಲ್ಲಿ ಜನ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷವಾಗಿತ್ತಷ್ಟೇ. ಹೊರಗಿನಿಂದ ಬಂದವರನ್ನೆಲ್ಲ ಎರಡು ಸಲ ನೋಡುವ ಕಾಲ. ಮೇಷ್ಟ್ರು ಮಲೆಯಾಳದವರು. ಅಲ್ಲಿ ಕಮ್ಯುನಿಸ್ಟರ ಸರ್ಕಾರ ಬಂದಿತ್ತು. ಸಾಲದ್ದಕ್ಕೆ ರಷ್ಯಾದವರು ಆಕಾಶಕ್ಕೆ ಉಪಗ್ರಹ ಹಾರಿಸಿದರು. ಅದರ ಮರುದಿನದಿಂದ ನಾಪೋಕ್ಲು ಸೀಮೆಯ ನಮ್ಮ ಶಾಲೆಯಲ್ಲಿ ಮೇಷ್ಟ್ರಿಗೆ ಬೇರೆ ಪಾಠವೇ ಇರಲಿಲ್ಲ.

ಒಂಬತ್ತನೇ ತರಗತಿಯ ನಾವು ಒಂದು ಬಿಸ್ಕತ್ತು ಡಬ್ಬಿಯನ್ನು ಉಪಗ್ರಹ ಮಾಡಿದೆವು. ಒಳಗೆ ಎರಡು ಟಾರ್ಚ್ ಸೆಲ್ಲು, ಸೈಕಲ್ ಗಂಟೆಯ ಬಟ್ಟಲು, ಬಿಸಿಯಾದರೆ ಬಾಗುವ ಒಂದು ಜೋಡಿ ಲೋಹದ ಪಟ್ಟಿ. ಅದನ್ನು ಬಿದಿರಿನ ತುದಿಗೆ ಏರಿಸಿದರೆ, ಬಿಸಿಲಿಗೆ ಗಂಟೆ ಬಾರಿಸುತ್ತಿತ್ತು. ಮೋಡ ಮುಚ್ಚಿದರೆ ನಿಲ್ಲುತ್ತಿತ್ತು. ನಾವು ಮೇಲೆ ನೋಡದೆ, ಕೆಳಗೆ ಕೂತು, ಡಬ್ಬಿಯೊಳಗಿನ ಹವೆ ಹೇಗಿದೆಯೆಂದು ಬರೆಯಬೇಕು.

“ಹತ್ತಿರ ಹೋಗ್ಲಿಕ್ಕೆ ಆಗದ್ದನ್ನು ಕೇಳಿ ತಿಳೀಬೇಕು ಮಕ್ಕಳೇ,” ಎನ್ನುತ್ತಿದ್ದರು. “ರಷ್ಯಾದ್ದೂ ಇಷ್ಟೇ. ನಮ್ಮದು ಸ್ವಲ್ಪ ಕೆಳಗೆ ಉಂಟು.”

ಸಂಜೆಯ ಕೆಲಸ ಬೇರೆ. ಆ ನಿಜವಾದ ಉಪಗ್ರಹವನ್ನು ಏರಿಸಿದ ರಾಕೆಟ್ಟೂ ಅದರಂತೆಯೇ ಭೂಮಿಯನ್ನು ಸುತ್ತುತ್ತ, ಮುಸ್ಸಂಜೆಯಲ್ಲಿ ಚುಕ್ಕಿಯಂತೆ ಹಾದುಹೋಗುತ್ತಿತ್ತು. ಅದನ್ನು ಹಿಡಿಯಲು ಮೇಷ್ಟ್ರು ಮಕ್ಕಳನ್ನು ಬೇರೆ ಬೇರೆ ಕಡೆ ನಿಲ್ಲಿಸುತ್ತಿದ್ದರು. ಕಾಫಿ ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇದ್ದ ಮಕ್ಕಳ ಕಣ್ಣು ಚುರುಕು ಎಂದು ಅವರನ್ನೂ ಸೇರಿಸಿಕೊಂಡರು. ಯಾರು, ಎಲ್ಲಿ, ಎಷ್ಟು ಗಂಟೆಗೆ ಎಂದು ಕಪ್ಪು ರಟ್ಟಿನ ಪುಸ್ತಕದಲ್ಲಿ ಬರೆದು, ಮುಂದಿನ ಒಂದು ವಾರದ ಹೊತ್ತನ್ನು ಲೆಕ್ಕ ಹಾಕುತ್ತಿದ್ದರು.

ನನ್ನ ಅಪ್ಪ ಅದೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಮೇಷ್ಟ್ರು ದಿನಾ ಸಂಜೆ ಲೈನಿಗೆ ಬರುವುದು ಅವರಿಗೆ ಸರಿಕಾಣಲಿಲ್ಲ. ಕೂಲಿಯವರನ್ನು ಎತ್ತಿಕಟ್ಟುತ್ತಾರೆಂದು ಎಸ್ಟೇಟಿನ ಯಜಮಾನ ದೊರೆಗೂ ಅನುಮಾನ ಬಂದಿತ್ತು. ಒಂದು ದಿನ ಊಟಕ್ಕೆ ಕೂತಾಗ ಅಪ್ಪ ನನ್ನ ಮುಖ ನೋಡದೆ ಹೇಳಿದರು: “ಆ ಪುಸ್ತಕದಲ್ಲಿ ಎಂತ ಬರೀತಾರೆ ನೋಡು. ಒಂದು ಪುಟ ಬರ್ಕಂಡ್ ಬಾ.”

ನಾನು ಬರೆದುಕೊಂಡು ಬಂದೆ. ಅಪ್ಪನ ಮೇಲಿನ ಹೆದರಿಕೆಗಷ್ಟೇ ಅಲ್ಲ. ನನಗೂ ಒಳಗೊಳಗೇ ಅನುಮಾನವಿತ್ತು. ಪುಟದ ತುಂಬ ಲೈನಿನ ಮಕ್ಕಳ ಹೆಸರು: ಕಾಳಿಯಮ್ಮ, ಬಂಡೆಯ ಮೇಲೆ. ಮುರುಗೇಶ, ಪಲ್ಪಿಂಗ್ ಮನೆ ಹಿಂದೆ. ಎದುರಿಗೆ ಗಂಟೆ, ನಿಮಿಷ; ಕೆಳಗೆ ಮುಂದಿನ ವಾರದ ಹೊತ್ತು. ಹಾಗೆ ಓದಿದರೆ ಯಾರಿಗಾದರೂ ಗುಟ್ಟಿನ ಪಟ್ಟಿಯೇ.

ನಾಲ್ಕನೇ ದಿನ ಸಬ್ ಇನ್‌ಸ್ಪೆಕ್ಟರ್ ಶಾಲೆಗೆ ಬಂದರು. ಡಬ್ಬಿ ಇಳಿಸಿ ಬಿಚ್ಚಿಸಿದರು. ಸೈಕಲ್ ಗಂಟೆ ನೋಡಿ ನಗಲಿಲ್ಲ. ಜೇಬಿನಿಂದ ನನ್ನ ಹಾಳೆ ತೆಗೆದು, ಇದೇನು ಎಂದರು. ಮೇಷ್ಟ್ರು ಹಾಳೆಯನ್ನು ತುಸು ಹೆಚ್ಚು ಹೊತ್ತೇ ನೋಡಿದರು. ಆಮೇಲೆ, ಸಂಜೆ ಆರು ಇಪ್ಪತ್ತನಾಲ್ಕಕ್ಕೆ ತಾವೇ ಮೈದಾನಕ್ಕೆ ಬಂದು ನೋಡಬಹುದು ಎಂದರು.

ಸಂಜೆ ಮೈದಾನದಲ್ಲಿ ಎಲ್ಲರೂ ನಿಂತೆವು, ಅಪ್ಪನೂ ಬಂದಿದ್ದರು. ಆರು ಇಪ್ಪತ್ತನಾಲ್ಕಾಯಿತು. ಏನೂ ಬರಲಿಲ್ಲ. ಅಪ್ಪ ಗಂಟಲು ಸರಿಪಡಿಸಿಕೊಂಡರು. ಇನ್‌ಸ್ಪೆಕ್ಟರ್ ಹಾಳೆ ಬಿಡಿಸಿ, ಟಾರ್ಚ್ ಬೆಳಕು ಬಿಟ್ಟು, ಇದರಲ್ಲಿ ಇವತ್ತಿಗೆ ಆರು ಮೂವತ್ತನಾಲ್ಕು ಎಂದಿದೆಯಲ್ಲ ಎಂದರು. ಮೇಷ್ಟ್ರ ಬೆರಳು ತೊಡೆಯ ಮೇಲೆ ನಿಂತುಹೋಯಿತು. ಸರಿಯಾಗಿ ಆರು ಮೂವತ್ತನಾಲ್ಕಕ್ಕೆ ವಾಯವ್ಯದ ಬೆಟ್ಟದ ಮೇಲಿಂದ ಒಂದು ಚುಕ್ಕಿ ಎದ್ದು, ಸದ್ದಿಲ್ಲದೆ ನಮ್ಮ ತಲೆಯ ಮೇಲೆ ಹಾದುಹೋಯಿತು. ಕಾಳಿಯಮ್ಮ ಮಾತ್ರ ಕೈ ತಟ್ಟಿದಳು.

ಅಲ್ಲಿಗೆ ಮುಗಿಯಿತೆಂದು ನಾನು ಉಸಿರು ಬಿಟ್ಟೆ. ಮುಗಿಯಲಿಲ್ಲ. “ರಷ್ಯಾದವರದ್ದು ಯಾವ ನಿಮಿಷಕ್ಕೆ ಬರ್ತದೆ ಅಂತ ಇವರಿಗೆ ಹೇಳಿದ್ದು ಯಾರು?” ಎಂದರು ಅಪ್ಪ. “ನಮ್ಮ ಹತ್ರ ತಪ್ಪು ಹೊತ್ತು ಬೇರೆ ಹೇಳಿದ್ರು.” ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡರು. ಹದಿನೈದು ದಿನದೊಳಗೆ ಮೇಷ್ಟ್ರಿಗೆ ವರ್ಗವಾಯಿತು.

ಅವರು ಹೊರಟ ದಿನ ನಾನು ಬಸ್ಸು ನಿಲ್ಲುವ ಕಡೆ ಹೋದೆ. ಪೆಟ್ಟಿಗೆಯ ಮೇಲೆ ಕೂತಿದ್ದರು. ಹುಡುಗಿಯರನ್ನೆಲ್ಲ ಕರೆಯುವಂತೆ ನನ್ನನ್ನೂ ‘ಮೋಳೇ’ ಎಂದು ಕರೆದು ಪಕ್ಕ ಸರಿದರು. ನಾನು ಕೂತೆ. ಅವರೇ ಹೇಳಿದರು:

“ಕೂಡುವಾಗ ನಾನು ದಶಕ ಬಿಟ್ಟಿದ್ದೆ, ಹತ್ತು ನಿಮಿಷ. ನಕಲು ಮಾಡಿದವರು ತಿದ್ದಿದ್ದಾರೆ. ಆ ಲೆಕ್ಕ ಮಾಡ್ಲಿಕ್ಕೆ ನಾನು ಕಲಿಸಿದ್ದು ಒಬ್ಬಳಿಗೇ.”

ನಾನು ಅತ್ತೆ. ಮಡಿಕೇರಿಯ ಬಸ್ಸು ಬಂತು, ಪೆಟ್ಟಿಗೆ ಎತ್ತಿಕೊಂಡು ಹತ್ತಿದರು.

ಅವರು ಮುಂದೆ ಯಾವ ಊರಿಗೆ ಹೋದರೆಂದು ಅಪ್ಪನಿಗೆ ಗೊತ್ತಿತ್ತೇನೋ. ನಾನು ಕೇಳಲಿಲ್ಲ. ಚುಕ್ಕಿಯ ಹೊತ್ತು ಬರೆಯುವುದನ್ನು ಮಾತ್ರ ಬಿಡಲಿಲ್ಲ. ಒಂದು ಸಂಜೆ ಮನೆಗೆ ಬಂದಾಗ ನನ್ನ ನೋಟ್ ಪುಸ್ತಕ ಅಪ್ಪನ ಮಡಿಲಲ್ಲಿ ತೆರೆದಿತ್ತು. ಅಂದು ಮೇಷ್ಟ್ರ ಪುಟದ ನಕಲನ್ನು ಓದಿದಂತೆಯೇ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.