ಆನೆ, ಕರೆಂಟು, ಮಂಜು ಮತ್ತು ಅಮ್ಮ

ಈ ವರ್ಷ ಅಕ್ಟೋಬರ್ ತಿಂಗಳ ಎರಡನೇ ಭಾನುವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ, ಮೊಬೈಲ್ ಕ್ರಿಕೆಟ್ ಸೆಮಿಫೈನಲಿನ ನಡುವೆ, ಗೂಡಲೂರಿನ ಹತ್ತಿರದ ದೇವಾಲ ಎಂಬ ಊರಿನ ಆಟಗಾರ ಪರದೆಯಿಂದ ಮಾಯವಾದ. ಹತ್ತು ನಿಮಿಷದ ಬಳಿಕ ಗುಂಪಿಗೆ ಅವನ ಸಂದೇಶ ಬಂತು: ಆನೆ.

ಆಗ ಅವನಿಗೆ ಎರಡು ಓವರಿನಲ್ಲಿ ಮೂವತ್ತೊಂಬತ್ತು ರನ್ ಬೇಕಿತ್ತು. ಎದುರಾಳಿ ಎಮರಾಲ್ಡ್ ಎಂಬ ಊರಿನಲ್ಲಿ ಕ್ಯಾರೆಟ್ ಬೆಳೆಯುವ ನನ್ನ ತಂಗಿ. ಮೂರು ಸಲ ಸೆಮಿಫೈನಲಿನಲ್ಲಿ ಸೋತವಳು ಈ ಸಲವಾದರೂ ಫೈನಲ್ ಕಾಣಬೇಕೆಂದು ಕಳೆ ಕೀಳುವ ಕೆಲಸ ಮುಂದೂಡಿ ಅಭ್ಯಾಸ ಮಾಡಿದ್ದಳು.

ಬೆಟ್ಟದ ಮೇಲೂ ಕೆಳಗೂ ಹರಡಿಕೊಂಡಿರುವ ನಾವು ಎಂಟು ಜನ ಈ ಪಂದ್ಯಾವಳಿ ನಡೆಸುತ್ತೇವೆ. ಪತ್ರಿಕೆಯ ಡೆಸ್ಕಿನಲ್ಲಿ ಬಹುಕಾಲ ಕೂತ ನಾನು ಉದಕಮಂಡಲದ ಮನೆಯಿಂದ ದಾಖಲೆ ಬರೆಯುತ್ತೇನೆ. ಯಾರನ್ನೂ ನಂಬುವುದಿಲ್ಲ ಎಂಬುದೇ ನನ್ನ ಅರ್ಹತೆ. ಸಂಪರ್ಕ ಕಡಿದುಕೊಂಡವನು ಸೋತಂತೆ ಎಂದು ಆ ಆಟ ತೀರ್ಮಾನಿಸುತ್ತದೆ. ನಮ್ಮ ಊರುಗಳಿಗೆ ಅದು ಸರಿಹೋಗದು. ಆದ್ದರಿಂದ ಮೂರು ಕಾರಣಗಳಿಗೆ ಮರುಪಂದ್ಯ ಎಂದು ಬರೆದುಕೊಂಡಿದ್ದೆವು: ಕರೆಂಟು, ಮಂಜು, ಆನೆ. ಮಂಜು ಟವರನ್ನು ಮುಚ್ಚುತ್ತದೆಯೇ ಎಂಬ ಪ್ರಶ್ನೆಯನ್ನು ಬಹುಮತದಿಂದ ಬಗೆಹರಿಸಿದ್ದೆವು. ತಮ್ಮ ಕಡೆ ಆನೆ ಕಡಿಮೆ, ಕಾಡೆಮ್ಮೆಯನ್ನೂ ಸೇರಿಸಿ ಎಂದು ತಂಗಿ ಕೊಟ್ಟ ಅರ್ಜಿ ತಿರಸ್ಕೃತವಾಗಿತ್ತು. ಕಾಡೆಮ್ಮೆ ಅಂಗಳದಲ್ಲಿ ನಿಂತರೂ ಒಳಗೆ ಕೂತು ಆಡಬಹುದು ಎಂಬುದು ಸಭೆಯ ಅಭಿಪ್ರಾಯ. ಕರೆಂಟಿನ ಕಾರಣವನ್ನು ಅವಳು ಎಂದೂ ಹೇಳಿದವಳಲ್ಲ. ಗಂಡನಿಗೆ ಜಲವಿದ್ಯುತ್ ಕೇಂದ್ರದಲ್ಲಿ ಕೆಲಸ. ಮನೆಯ ಮಾನದ ಪ್ರಶ್ನೆ.

ಆನೆಗೆ ಫೋಟೋ ಬೇಕು ಎಂಬುದು ನಿಯಮ. ದೇವಾಲದವನು ಲದ್ದಿಯ ಫೋಟೋ ಕಳಿಸಿದ. ನಾನು ಅದನ್ನು ತಂಗಿಗೆ ಕಳಿಸಿದೆ. ಅವಳು ಕೂಡಲೇ ಕರೆ ಮಾಡಿದಳು.

"ಅಣ್ಣಾ, ದೊಡ್ಡದು ಮಾಡಿ ನೋಡು. ಮೇಲೆ ಅಣಬೆ ಎದ್ದದೆ. ವರ್ಷವೆಲ್ಲಾ ಗೊಬ್ಬರ ಹೊರುವವಳು ನಾ, ಎನಗೆ ಹಸಿ ಲದ್ದಿ ಗೊತ್ತಿಲ್ಲೆಯಾ?"

ದೊಡ್ಡದು ಮಾಡಿದೆ. ಬಿಳಿಯ ಅಣಬೆ, ಎರಡು.

ಒಂದೇ ಮೂಲವನ್ನು ನಂಬಿ ಬರೆಯುವುದು ನನ್ನ ಅಭ್ಯಾಸವಲ್ಲ. ದೇವಾಲಕ್ಕೆ ಕರೆ ಮಾಡಿದೆ. ಫೋನ್ ಎತ್ತಿದ್ದು ಅವನ ತಾಯಿ. ಎಸ್ಟೇಟಿನಲ್ಲಿ ಟೀ ಎಲೆ ಕಿತ್ತು ನಿವೃತ್ತಳಾದ ಹೆಂಗಸು. ಭಾನುವಾರ ಸಂಜೆ ಕಾರ್ಮಿಕರ ಲೈನ್‌ಮನೆಗಳ ಹತ್ತಿರ ಆನೆ ಬಂದಿತ್ತೇ ಎಂದು ಕೇಳಿದೆ.

"ಆನೆ ಬಂದದ್ದು ನಿಜ ಸಾರ್, ಆಚೆ ವಾರ," ಎಂದಳು. "ಭಾನುವಾರ ಬಂದದ್ದು ನಾನು."

ಸೌದೆ ಹೊರೆ ಹೊತ್ತು ತಿರುವಿನವರೆಗೆ ಬಂದು, ಮೇಲೇರಲಾರದೆ ಮಗನನ್ನು ಕೂಗಿದ್ದಳು. ಮೊದಲ ಕೂಗಿಗೆ ಅವನು ಒಂದು ಬೌಂಡರಿ ಹೊಡೆದ. ಎರಡನೆಯದಕ್ಕೆ ಫೋನ್ ಬಿಟ್ಟು ಓಡಿದ. ಮೂವತ್ತು ದಾಟಿದ ಗಂಡಸು ಅಮ್ಮ ಕರೆದಳೆಂದು ಸೆಮಿಫೈನಲ್ ಬಿಟ್ಟ ಎಂದು ಎಂಟು ಜನರ ಮುಂದೆ ಹೇಳಲು ನಾಚಿಕೆಯಾಗಿ ಆನೆಯನ್ನು ಕರೆತಂದಿದ್ದ. ಸುಳ್ಳು ಹೇಳಿದ್ದನ್ನು ಅವನೂ ಫೋನಿಗೆ ಬಂದು ಒಪ್ಪಿಕೊಂಡ.

ನಿಯಮದಲ್ಲಿ ಅಮ್ಮನಿಗೆ ಜಾಗವಿರಲಿಲ್ಲ. ತಂಗಿ ಗೆದ್ದಳು ಎಂದು ಬರೆದು ಗುಂಪಿಗೆ ತಿಳಿಸಿದೆ. ಅಭಿನಂದನೆಗಳು ಬರುತ್ತಿರುವಾಗಲೇ ಅವಳ ಕರೆ ಬಂತು. ಅವ್ವೆ ಕೂಗಿದಳೆಂದು ಓಡಿದವನ ಮೇಲೆ ಗೆದ್ದು ಫೈನಲಿಗೆ ಹೋಗುವುದು ತನಗೆ ಬೇಡ, ಮರುಪಂದ್ಯ ಇಡು ಎಂದಳು. ಮೂರು ಸಲ ಸೋತದ್ದನ್ನು ನೆನಪಿಸಿದೆ. ನನಗಿಂತ ಚೆನ್ನಾಗಿ ತನಗೇ ನೆನಪಿದೆ ಎಂದಳು. ನಿಯಮಕ್ಕೆ ನಾಲ್ಕನೆಯ ಕಾರಣ ಸೇರಿತು.

ಮುಂದಿನ ಭಾನುವಾರ ನಾಲ್ಕಕ್ಕೆ ಮರುಪಂದ್ಯ. ಈ ಸಲ ಬೆನ್ನಟ್ಟುವ ಸರದಿ ತಂಗಿಯದು. ಕೊನೆಯ ಓವರಿನಲ್ಲಿ ಹದಿನೆಂಟು ರನ್ ಬೇಕಿದ್ದಾಗ ಅವಳು ಮಾಯವಾದಳು. ಕರೆಂಟು ಹೋಗಿರಬೇಕು ಎಂದು ಗುಂಪಿನಲ್ಲಿ ಎಲ್ಲರೂ ಒಪ್ಪಿದರು, ಅವಳ ಗಂಡನನ್ನು ಸ್ವಲ್ಪ ಗೇಲಿಯೂ ಮಾಡಿದರು. ನಾನೂ ಹಾಗೆಯೇ ಬರೆದುಕೊಂಡೆ. ಆ ದಿನ ಎರಡನೇ ಮೂಲವನ್ನು ಕೇಳಲಿಲ್ಲ.

ಅರ್ಧ ಗಂಟೆಯ ಮೇಲೆ ಗಂಡನ ಫೋನಿನಿಂದ ಕರೆ ಮಾಡಿದಳು.

"ಕರೆಂಟು ಹೋಗಿಲ್ಲೆ ಅಣ್ಣಾ. ಚಾರ್ಜು ಹಾಕಲು ಮರೆತೆ. ನಾ ಸೋತೆ, ಬರಕೊ."

ಕರೆಂಟು ಎಂಬ ಪದವನ್ನು ಹೊಡೆದು ಹಾಕಿ ಅವಳ ಮಾತನ್ನು ಗುಂಪಿಗೆ ತಿಳಿಸಿದೆ. ದೇವಾಲದವನು ಧ್ವನಿ ಸಂದೇಶ ಕಳಿಸಿದ. ಗೂಡಲೂರಿನ ಕಡೆಯವರು ಅಕ್ಕನನ್ನು ಕರೆಯುವಂತೆ ಅವನು ಅವಳನ್ನು ಚೇಚಿ ಎನ್ನುತ್ತಾನೆ.

"ಚೇಚಿ, ಚಾರ್ಜು ಅಂದ್ರೂ ಕರೆಂಟೇ ತಾನೆ? ಹಳೇ ಲದ್ದಿ ತೋರಿಸಿದವನು ನಾನು. ಸೋತದ್ದು ಅವತ್ತೇ."

ಹಿಂದಿನಿಂದ ಅವನ ತಾಯಿ ಏನೋ ಹೇಳಿದ್ದು ಕೇಳಿಸುತ್ತದೆ, ಪದಗಳು ಸ್ಪಷ್ಟವಿಲ್ಲ.

ಮಸಿನಗುಡಿಯ ಇನ್ನೊಬ್ಬ ಫೈನಲಿಸ್ಟ್ ತನ್ನ ಎದುರಾಳಿ ಯಾರೆಂದು ಎರಡು ಸಲ ವಿಚಾರಿಸಿದ್ದಾನೆ. ನಿನ್ನೆ ಸಂಜೆಯವರೆಗಿನ ಮಾಹಿತಿಯಂತೆ, ತಾನೇ ಸೋತದ್ದು ಎಂಬ ಹೇಳಿಕೆಯನ್ನು ಇಬ್ಬರಲ್ಲಿ ಯಾರೂ ಹಿಂದಕ್ಕೆ ಪಡೆದಿಲ್ಲ.